ಉರುಕುಂದಪ್ಪನ ಮಾರಿಗೆ ಏನು ಹಚ್ಚೋದು?

ಎಪ್ಪತ್ತಾರನೆಯ ಇಸವಿಯಲ್ಲಿ ನನ್ನ ತಮ್ಮ ಉರುಕುಂದಪ್ಪ ರಾಯಚೂರಿನಲ್ಲಿ ಜನರ ಮುಖ ರಿಪೇರಿ ಮಾಡುತ್ತಿದ್ದ. ಡಾಕ್ಟರನಲ್ಲ, ಫೋಟೋ ಸ್ಟುಡಿಯೋದ ನೌಕರ. ಆಗೆಲ್ಲ ಕಪ್ಪು ಬಿಳುಪು ಫೋಟೋ. ತೆಗೆದ ಫೋಟೋದ ನೆಗೆಟಿವನ್ನು ಒಂದು ಓರೆ ಗಾಜಿನ ಮೇಲಿಟ್ಟು, ಕೆಳಗಿನ ಕನ್ನಡಿಯಿಂದ ಬೆಳಕು ಬಿಟ್ಟು, ಸೂಜಿಯಂಥ ಮೊನೆಯ ಪೆನ್ಸಿಲಿನಿಂದ ಮುಖದ ಕುಳಿ, ಸುಕ್ಕು, ಕಲೆಗಳನ್ನು ತುಂಬುವುದು ಅವನ ಕಸುಬು. ಹುಬ್ಬಿನ ಮೇಲೆ ನರಹುಲಿ ಇದ್ದ ಹೆಣ್ಣು, ಗಲ್ಲದ ತುಂಬ ಮೊಡವೆ ಇದ್ದ ಗಂಡು, ಯಾರೇ ಆಗಲಿ ಅವನ ಗಾಜಿನ ಮೇಲೆ ಒಂದು ತಾಸು ಮಲಗಿದರೆ ಸಾಕು, ಈಗಷ್ಟೇ ಹುಟ್ಟಿದವರಂತೆ ಏಳುತ್ತಿದ್ದರು. ರಾಯಚೂರು ಜಿಲ್ಲೆಯ ಎಷ್ಟೋ ಮದುವೆಗಳು ನನ್ನ ತಮ್ಮನ ಪೆನ್ಸಿಲಿನ ಮೊನೆಯ ಮೇಲೆ ನಿಂತಿದ್ದವು. ಅವನದೊಂದೇ ನಿಂತಿರಲಿಲ್ಲ.

ಯಾಕೆಂದರೆ ಅವನಿಗೆ ಐದು ವರ್ಷವಿದ್ದಾಗ ಸಿಡುಬು ಬಂದಿತ್ತು. ಸಿಡುಬಿನ ದೇವಿ ಅಮ್ಮ ಬಂದು, ಅವನ ಜೀವ ಬಿಟ್ಟು, ಮುಖವನ್ನು ತಾನಿಟ್ಟುಕೊಂಡು ಹೋಗಿದ್ದಳು. ಹಣೆಯಿಂದ ಗದ್ದದವರೆಗೆ ಕುಳಿಗಳು. ಮಳೆ ಹನಿ ಬಿದ್ದ ಧೂಳು ಇರುತ್ತದಲ್ಲ, ಹಾಗೆ. ಅವ್ವ ಅಪ್ಪ ಇಲ್ಲದ ಮನೆಯಲ್ಲಿ ಅವನಿಗೆ ಅಕ್ಕನೂ ನಾನೇ, ಹಿರಿಯರೂ ನಾನೇ. ಮೂರು ಊರಿನವರು ಬಂದು ನೋಡಿ, "ಹುಡುಗ ಛಲೋ ಅದಾನ, ಆದರ..." ಎಂದು, ಆದರದ ಮುಂದೆ ಏನೂ ಹೇಳದೆ ಚಹಾ ಕುಡಿದು ಎದ್ದು ಹೋಗಿದ್ದರು.

ನಾಲ್ಕನೆಯದನ್ನು ತಂದವನು ಮಾನ್ವಿಯ ನಮ್ಮ ಸೋದರಮಾವ ಹಂಪಣ್ಣ.

"ದೇವದುರ್ಗದಾಗ ಒಂದು ಹುಡುಗಿ ಅದಾಳ. ಗೋಪಮ್ಮ ಅಂತ. ಬಾಲವಾಡಿ ಟೀಚರು. ಮೊದಲು ಫೋಟೋ ಕಳಸ್ರಿ ಅಂದಾರ. ಒಂದು ಫೋಟೋ ಕೊಡಲೇ."

ತಮ್ಮ ತನ್ನ ಫೋಟೋ ತಾನೇ ತೆಗೆಸಿಕೊಂಡು, ತನ್ನ ನೆಗೆಟಿವನ್ನು ತಾನೇ ಗಾಜಿನ ಮೇಲೆ ಮಲಗಿಸಿಕೊಂಡ. ತನ್ನ ಕಸುಬಿಗೆ ತಾನೇ ಗಿರಾಕಿಯಾದ ಮನುಷ್ಯನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಎರಡು ದಿನ ಕೂತ. ಎರಡು ಪೆನ್ಸಿಲು ಮುಗಿಸಿದ. ಮೂರನೆಯ ದಿನ ಫೋಟೋ ತಂದು ನನ್ನ ಕೈಗೆ ಕೊಟ್ಟ.

"ಇವರ್ಯಾರಲೇ?" ಎಂದೆ.

"ನಾನ ಬೇ ಅಕ್ಕಾ."

"ಮೀಸಿ ಗುರುತು ಹತ್ತಿತು ಬಿಡು."

ಮಾವ ಫೋಟೋವನ್ನು ಜೇಬಿಗಿಟ್ಟುಕೊಂಡು ದೇವದುರ್ಗದ ಬಸ್ಸು ಹತ್ತಿದ. ಎಂಟು ದಿನಕ್ಕೆ ಕಾಗದ ಬಂತು: ಫೋಟೋ ಮನೆಯವರೆಲ್ಲರ ಮನಸ್ಸಿಗೆ ಬಂದಿದೆ, ಬರುವ ಹುಣ್ಣಿಮೆ ಮುಗಿದ ಸೋಮವಾರ ಮನೆ ನೋಡಲು ಬರುತ್ತೇವೆ. ಸೋಮವಾರಕ್ಕೆ ಮೂರು ವಾರವಿತ್ತು. ನಾನು ಸಕ್ಕರೆ ಹಂಚಲು ಎದ್ದೆ. ತಮ್ಮ ಗೋಡೆಗೆ ಒರಗಿ ಕೂತುಬಿಟ್ಟ.

"ಯಾಕಲೇ?"

"ಅಕ್ಕಾ, ಅವರು ಹೂಂ ಅಂದದ್ದು ಫೋಟೋಕ್ಕ. ನನಗಿನ್ನೂ ಅಂದಿಲ್ಲ."

ಬುದ್ಧಿ ಇದ್ದವನಾದರೆ ಒಂದು ಕಾರ್ಡು ಬರೆದು, ಹೀಗೆ ಹೀಗೆ, ನನ್ನ ಮುಖ ಹೀಗಿದೆ ಎಂದು ತಿಳಿಸುತ್ತಿದ್ದ. ನನ್ನ ತಮ್ಮನಿಗೆ ಬುದ್ಧಿಯ ಜೊತೆಗೆ ಕಸುಬೂ ಇತ್ತು. ತಪ್ಪು ಎಲ್ಲಿದೆಯೋ ಅಲ್ಲೇ ತಿದ್ದಬೇಕೆಂಬುದು ಅವನ ಲೆಕ್ಕ. ಫೋಟೋ ಸರಿಯಾಗಿದೆ. ಮುಖ ತಪ್ಪಾಗಿದೆ. ಹಾಗಾದರೆ ಮುಖವನ್ನು ತಿದ್ದಬೇಕು. ಹೈದರಾಬಾದಿನಲ್ಲಿ ಒಬ್ಬ ಡಾಕ್ಟರು ಮಷೀನಿನಿಂದ ಮುಖದ ಮೇಲಿನ ಚರ್ಮ ಕೆರೆದು ಸಾಪು ಮಾಡುತ್ತಾರಂತೆ ಎಂದು ಯಾವನೋ ಗಿರಾಕಿ ಅವನ ಕಿವಿಯಲ್ಲಿ ಊದಿದ್ದ. "ಫೋಟೋ ಕಾಗದ ತರಾಕ ಹೊಂಟೀನಿ" ಎಂದು ಹೇಳಿ ಹೋದವನು ಐದು ದಿನ ಬಿಟ್ಟು ಬಂದ. ತಲೆಯಿಂದ ಕೊರಳಿನವರೆಗೆ ಟವೆಲ್ಲು. ನೋಡಲಿಕ್ಕೆ ಎರಡು ಕಣ್ಣು, ಉಸಿರಿಗೆ ಒಂದು ಮೂಗು.

ಬಾಗಿಲು ಹಾಕಿ ಟವೆಲ್ಲು ಬಿಚ್ಚಿದ. ಸಿಪ್ಪೆ ಸುಲಿದ ಟಮಾಟೆ ಹಣ್ಣು! ಮೀಸೆಯೂ ಇರಲಿಲ್ಲ.

"ಏನು ಮಾಡಿದರಲೇ ನಿನಗ?"

"ಮೊದಲು ತಣ್ಣನ ಔಷಧ ಹೊಡದು ಮಾರಿ ಕಲ್ಲು ಮಾಡಿದ್ರು. ಆಮ್ಯಾಲ ತಿರುಗೋ ತಂತಿ ಬ್ರಶ್ಶು ಹಚ್ಚಿ ಗರ್ ಅಂತ ಉಜ್ಜಿದ್ರು."

"ನೆಲ ಉಜ್ಜಿದಂಗ?"

"ನೆಲಾ ಅಷ್ಟು ಉಜ್ಜಂಗಿಲ್ಲ ಬೇ." ತುಟಿ ಅಲುಗಿಸದೆ ಮಾತಾಡುತ್ತಿದ್ದ. "ಎರಡು ವಾರಕ್ಕ ಹೊಸ ಚರ್ಮ ಬರ್ತದಂತ. ಅಲ್ಲೀತನಕ ಮಾರಿ ಒಣಗಬಾರದು. ದಿನಕ್ಕ ನಾಕು ಸಲ ಮುಲಾಮು ಹಚ್ಚಬೇಕು. ವಾಸನಿ ಇದ್ದದ್ದು ಬ್ಯಾಡ, ಬಣ್ಣ ಇದ್ದದ್ದು ಬ್ಯಾಡ, ಉರಿಯೋದು ಬ್ಯಾಡ. ಬಿಸಿಲಿಗಿ ಹೋಗೋದು ಬ್ಯಾಡ. ಒಣಗಿದ್ರ ಬಿರಿತದ, ಬಿರಿದ್ರ ಮತ್ತ ಕಲಿ ಬೀಳತಾವ."

"ಮುಲಾಮು ಎಲ್ಲಿ?"

"ಡಾಕ್ಟರು ಡಬ್ಬಿ ಕೊಟ್ಟಿದ್ರು. ರೈಲಿನಾಗ ಕಿಟಕಿ ಕಟ್ಟಿಮ್ಯಾಲ ಇಟ್ಟಿದ್ದೆ."

"ಈಗ?"

"ಈಗದು ಗುಂತಕಲ್ ದಾಟಿರಬೇಕು."

"ಅದರ ಹೆಸರೇನು?"

ತಮ್ಮ ಬಹಳ ಹೊತ್ತು ವಿಚಾರ ಮಾಡಿದ. "ಬಿಳಿ ಡಬ್ಬಿ" ಎಂದ.

ಅಂದು ಸಂಜೆಯವರೆಗೆ ಬರೀ ತಣ್ಣೀರಿನ ಬಟ್ಟೆ ಇಟ್ಟೆ. ಮರುದಿನ ಬೆಳಿಗ್ಗೆ ಅವನು ಬಚ್ಚಲ ಕಲ್ಲಿನ ಮೇಲೆ ಕೂತು ಟವೆಲ್ಲು ಬಿಚ್ಚಿದ್ದಾನೆ, ಪಕ್ಕದ ಮನೆಯ ಯಮನಮ್ಮ ಮೋಟು ಗೋಡೆಯ ಮೇಲಿಂದ ಬೆಂಕಿಗೆಂದು ಕೈ ಚಾಚಿದ್ದಾಳೆ. ಯಮನಮ್ಮ ನಮ್ಮ ಓಣಿಗೆಲ್ಲ ಹಿರಿಯಳು. ಹುಟ್ಟಿದ ಕೂಸಿಗೆ ಹೆಸರಿನಿಂದ ಹಿಡಿದು ದೇವರಿಗೆ ಬಿಡುವ ಕೋಳಿಯ ಬಣ್ಣದವರೆಗೆ ಅವಳದೇ ಹುಕುಂ. ಚಾಚಿದ ಕೈ ಅಲ್ಲೇ ನಿಂತಿತು.

"ಯವ್ವಾ! ಅಮ್ಮ ಬಂದಾಳ! ಉರುಕುಂದಗ ಅಮ್ಮ ಬಂದಾಳ!"

ನಾನು ಬಾಯಿ ತೆರೆಯುವುದರೊಳಗೆ ಬಾಗಿಲಿಗೆ ಬೇವಿನ ತೊಪ್ಪಲು ಬಿತ್ತು. ಹೊಸ್ತಿಲಿಗೆ ಅರಿಷಿಣದ ನೀರು ಬಿತ್ತು. ಓಣಿಯ ಇಪ್ಪತ್ತೆರಡು ಮನೆಗೂ ಹುಕುಂ ಹೋಯಿತು. ಅಮ್ಮ ಓಣಿಯಲ್ಲಿ ಇರುವವರೆಗೆ ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ಹುರಿಯುವುದಿಲ್ಲ, ತಲೆಗೆ ಎಣ್ಣೆ ಇಲ್ಲ. ಎಣ್ಣೆ ಕಾದ ವಾಸನೆ ಬಂದರೆ ಅಮ್ಮನ ಮೈ ಉರಿಯುತ್ತದೆ. ಎಲ್ಲರ ಮನೆಯ ಒಗ್ಗರಣೆ ಸೌಟುಗಳು ಗೂಟಕ್ಕೆ ಹೋದವು.

ತಮ್ಮ ಒಳಗಿನಿಂದ ನನ್ನ ಸೆರಗು ಜಗ್ಗಿದ. "ಅಕ್ಕಾ, ಅಮ್ಮ ಅಲ್ಲ ಅಂತ ಹೇಳು ಬೇ."

"ಹೇಳತೀನಿ. ಅಮ್ಮ ಅಲ್ಲ ಅಂದ್ರ ಮತ್ತೇನು ಅಂತ ಕೇಳತಾರ. ಫೋಟೋದಂಗ ಆಗಬೇಕಂತ ಮಾರಿ ಕೆರಿಸಿಕೊಂಡು ಬಂದಾನ ಅಂತ ಹೇಳಲಿ?"

ದೇವದುರ್ಗಕ್ಕೆ ದಿನಕ್ಕೆ ಮೂರು ಬಸ್ಸು. ಓಣಿಯ ಪ್ರತಿ ಮನೆಗೂ ಅಲ್ಲಿ ಒಬ್ಬ ಬೀಗನೋ ಒಬ್ಬ ಭಾವನೋ ಇದ್ದ. ಬೆಳಿಗ್ಗೆ ಇಲ್ಲಿ ಆಡಿದ ಮಾತು ಮಧ್ಯಾಹ್ನ ಅಲ್ಲಿ ಊಟಕ್ಕೆ ಕೂಡುತ್ತಿತ್ತು. ತಮ್ಮ ವಿಚಾರ ಮಾಡಿದ.

"ಬ್ಯಾಡ. ಅಮ್ಮನೇ ಇರಲಿ" ಎಂದ.

ನಾನು ಮನಸ್ಸಿನಲ್ಲೇ ಕೈ ಮುಗಿದೆ. ತಾಯಿ, ನಿನ್ನ ಹೆಸರು ಎರಡು ವಾರ ನಮಗೆ ಕೊಡು, ನಿನ್ನದೇ ಮಗ, ನೀನೇ ಕೆಡಿಸಿದ ಮುಖ.

ಆದರೆ ಗಂಟು ಬಿದ್ದದ್ದು ಇಲ್ಲಿ. ಡಾಕ್ಟರ ಹುಕುಂ: ಜಿಡ್ಡು ಹಚ್ಚದೆ ಇರಬಾರದು. ಯಮನಮ್ಮನ ಹುಕುಂ: ಜಿಡ್ಡು ಹಚ್ಚಬಾರದು. ಡಾಕ್ಟರು ಹೈದರಾಬಾದಿನಲ್ಲಿದ್ದರು. ಯಮನಮ್ಮ ಗೋಡೆಯ ಆಚೆ ಇದ್ದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು, ಅವನ ಮುಖದ ಹತ್ತಿರ ತನ್ನ ಮೂಗು ಒಯ್ದು, ಬೇವಿನ ತೊಪ್ಪಲಿನಿಂದ ಗಾಳಿ ಹಾಕಿ ಹೋಗುತ್ತಿದ್ದಳು. ಅವಳ ಮೂಗು ಎಂಥದೆಂದರೆ, ಓಣಿಯ ಆ ತುದಿಯಲ್ಲಿ ಬೆಳ್ಳುಳ್ಳಿ ಸುಲಿದರೆ ಈ ತುದಿಯಲ್ಲಿ ಕೂತು ಎಷ್ಟು ಎಸಳು ಎಂದು ಹೇಳುತ್ತಿದ್ದಳು. ಹಾಗಾಗಿ ನಮಗೆ ಬೇಕಾದದ್ದು ವಾಸನೆ ಇಲ್ಲದ್ದು, ಬಣ್ಣ ಇಲ್ಲದ್ದು, ಉರಿಯದ್ದು, ಮೇಲಾಗಿ ಹೊಳೆಯದ್ದು. ಕಡೆಯದನ್ನು ಡಾಕ್ಟರು ಹೇಳಿರಲಿಲ್ಲ. ಪಾಪ, ಅವರಿಗೆ ಯಮನಮ್ಮ ಗೊತ್ತಿಲ್ಲ.

ಎರಡನೆಯ ದಿನ ತಮ್ಮನ ಮುಖ ಡೊಳ್ಳಿನ ಚರ್ಮದಂತೆ ಬಿಗಿಯಿತು. ಮಾನ್ವಿಯಿಂದ ಮಾವ ಕಳಿಸಿದ ಎಮ್ಮೆ ಬೆಣ್ಣೆ ಮನೆಯಲ್ಲಿತ್ತು. ಬೆಣ್ಣೆಗಿಂತ ತಂಪು ಯಾವುದಿದೆ ಎಂದು ಹಚ್ಚಿದೆ. ಅರ್ಧ ತಾಸಿಗೆ ಗೋಡೆಯಿಂದ ಇರುವೆಗಳು ಸಾಲು ಹಿಡಿದು ಹಾಸಿಗೆ ಏರಿದವು. ಅವುಗಳ ಹಿಂದೆ ಬೆಕ್ಕು. ಬೆಕ್ಕಿನ ಹಿಂದೆ ಯಮನಮ್ಮ.

"ಬೆಣ್ಣಿ ವಾಸನಿ ಬರಾಕತ್ತದಲ್ಲ?"

"ಅಮ್ಮಗ ಎಡಿ ಅಂತ ತಂದೀನಿ ಬೇ ಯವ್ವಾ" ಎಂದೆ.

"ಹಂಗಾದ್ರ ಅಮ್ಮನ ಮುಂದ ಇಡು, ಮುಚ್ಚಿಟ್ಟು ಕುಂದರತಿಯಲ್ಲ" ಎಂದು ಗಡಿಗೆಯನ್ನೇ ಎತ್ತಿಕೊಂಡು ಹೋಗಿ ಬೇವಿನ ಮರದ ಬುಡಕ್ಕೆ ಇಟ್ಟಳು. ಬೆಣ್ಣೆ ಹೋಯಿತು. ಇರುವೆಗಳು ಮಾತ್ರ ಇಲ್ಲೇ ಉಳಿದವು.

ಮೂರನೆಯ ದಿನ ನಾನೇ ಹೋಗಿ ಫ್ಯಾನ್ಸಿ ಅಂಗಡಿಯಲ್ಲಿ ಮುಖಕ್ಕೆ ಹಚ್ಚುವ ಸ್ನೋ ತಂದೆ. "ವಾಸನಿ ಇಲ್ಲದ್ದು ಕೊಡ್ರಿ" ಎಂದರೆ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ವಾಸನಿ ಇಲ್ಲದ್ದು ಯಾರು ಹಚ್ಚತಾರ್ರೀ, ಮತ್ತ ಹಚ್ಚಿದ್ದು ಮಂದಿಗಿ ತಿಳಿಯೋದು ಹೆಂಗ?" ಎಂದ. ಇದ್ದುದರಲ್ಲಿ ಕಡಿಮೆ ವಾಸನೆಯದು ತಂದೆ. ಹಚ್ಚಿ ಬಾಗಿಲ ಕಡೆ ತಿರುಗಿದ್ದೇ ತಡ, ತಮ್ಮ ಹಾಸಿಗೆಯಿಂದ ನೆಗೆದ. ಸುಲಿದ ಚರ್ಮಕ್ಕೆ ಆ ಅತ್ತರು ಮೆಣಸಿನ ಪುಡಿ ಎರಚಿದ ಹಾಗೆ ಹತ್ತಿಕೊಂಡಿತ್ತು. ಅಂಗಳಕ್ಕೆ ಬಂದು ಗಿರಗಿರ ತಿರುಗತೊಡಗಿದ.

"ಅಮ್ಮ ಮೈತುಂಬ್ಯಾಳ! ಬರ್ರೇ, ಅಮ್ಮ ಮೈತುಂಬ್ಯಾಳ!" ಯಮನಮ್ಮ ಓಣಿಯನ್ನೇ ಎಬ್ಬಿಸಿದಳು. ಹೆಂಗಸರು ಬಂದು ಸುತ್ತ ನಿಂತರು. ಯಾರೋ ಬೇವಿನ ತೊಪ್ಪಲು ಅವನ ಕೈಗೆ ಕೊಟ್ಟರು. ಅವನು ಅದರಿಂದಲೇ ಮುಖಕ್ಕೆ ಗಾಳಿ ಹಾಕಿಕೊಂಡ. ನೋಡುವವರಿಗೆ ಇನ್ನೇನು ಬೇಕು?

"ಹೇಳು ತಾಯಿ, ಏನು ತಪ್ಪಾಗ್ಯಾದ ನಮ್ಮಿಂದ? ಏನು ಬೇಕು ನಿನಗ?"

"ನೀರು!" ಎಂದು ಚೀರಿದ ನನ್ನ ತಮ್ಮ. "ನೀರು! ನೀರು ಬರಲಿ!"

ನಮ್ಮ ಓಣಿಯ ನಲ್ಲಿಗೆ ನೀರು ಬಾರದೆ ಹದಿನೆಂಟು ದಿನವಾಗಿತ್ತು. ಇಡೀ ಓಣಿ ಮುನಿಸಿಪಾಲಿಟಿಯ ಬಾಗಿಲು ಬಡಿದು ಬಂದಿತ್ತು. ಅದು ಅಮ್ಮನಿಗೂ ತಿಳಿದಿತ್ತೆಂದು ಹೆಂಗಸರ ಕಣ್ಣಲ್ಲಿ ನೀರು ಬಂತು. ಮರುದಿನ ಬೆಳಿಗ್ಗೆ ಆರು ಗಂಟೆಗೆ ನಲ್ಲಿ ಸುರ್ ಎಂದಿತು. ಅದು ಪೈಪು ರಿಪೇರಿ ಮುಗಿದು ಬಂದದ್ದು. ಆದರೆ ಪೈಪಿನ ಮಾತನ್ನು ಕೇಳುವವರು ಯಾರು? ಆಗಿನಿಂದ ಅಂಗಳದಲ್ಲಿ ಜನ ತೀರದು. ಒಬ್ಬಳಿಗೆ ಮಗನ ನೌಕರಿ, ಒಬ್ಬಳಿಗೆ ಕಳೆದ ಮೂಗುತಿ. ತಮ್ಮ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. "ಅಮ್ಮ ಮಾತು ಬಿಟ್ಟಾಳ, ಅರ್ಥ ಮಾಡಿಕೋರಿ" ಎಂದಳು ಯಮನಮ್ಮ. ಜನ ಏನೇನೋ ಅರ್ಥ ಮಾಡಿಕೊಂಡು ಹೋದರು.

ನಾಲ್ಕನೆಯ ದಿನ ಔಡಲ ಎಣ್ಣೆ, ಅಂದರೆ ಹರಳೆಣ್ಣೆ. ಒಗ್ಗರಣೆಗೆ ಬಾರದ ಎಣ್ಣೆ, ಅಮ್ಮನಿಗೆ ಸಿಟ್ಟು ಬರಲಿಕ್ಕಿಲ್ಲವೆಂದು ನನ್ನ ಧೈರ್ಯ. ಅದು ಮುಖದ ಮೇಲೆ ದಪ್ಪಗೆ ಕೂತು ಕಂಚಿನ ತಟ್ಟೆಯ ಹಾಗೆ ಹೊಳೆಯಿತು. ಕಿಟಕಿಯ ಬಿಸಿಲು ಅವನ ಗಲ್ಲಕ್ಕೆ ಬಿದ್ದು ಎದುರು ಗೋಡೆಯಲ್ಲಿ ಆಡುತ್ತಿತ್ತು. ಯಮನಮ್ಮನ ಚಪ್ಪಲಿ ಸದ್ದು ಕೇಳಿದ ಕೂಡಲೇ ಸೆರಗಿನಿಂದ ಒರೆಸಿದೆ. ಒರೆಸಿದ ರಭಸಕ್ಕೆ ತಮ್ಮ "ಅಯ್ಯಯ್ಯೋ" ಎಂದ. "ತಾಯಿ, ಶಾಂತಳಾಗು" ಎಂದಳು ಯಮನಮ್ಮ.

ಐದನೆಯ ದಿನ ಬಂದವಳು ಶಹಜಾದಿ ಬೇಗಂ. ಬಳೆ ಮಾರುವವಳು. ಇಪ್ಪತ್ತು ವರ್ಷದಿಂದ ನಮ್ಮ ಓಣಿಯ ಹೆಂಗಸರ ಕೈ ಅವಳ ಕೈಯಲ್ಲೇ. ಹೊಸ್ತಿಲಲ್ಲಿ ಬುಟ್ಟಿ ಇಳಿಸಿ, ಬೇವಿನ ತೊಪ್ಪಲು ಸರಿಸಿ, ಒಳಗೆ ಇಣುಕಿ ನೋಡಿದಳು. ನೋಡುತ್ತ ನೋಡುತ್ತ ಅವಳ ಹೆಗಲು ಕುಣಿಯತೊಡಗಿತು. ನಗುತ್ತಿದ್ದಳು.

"ಅರೆ ಅಕ್ಕಾ, ಇದು ಅಮ್ಮ ಅಲ್ಲ."

"ಮೆಲ್ಲಕ ಮಾತಾಡು ಬೇ!"

"ನಮ್ಮ ಮನಿಯಾಗೂ ಮಾತಾ ಬಂದದ್ದು ನೋಡೀನಿ. ಮಾತಾ ಬಂದ್ರ ಕಾಲಿನ ತನಕ ಬರ್ತಾಳ. ಗದ್ದದ ಕೆಳಗ ಪಟ್ಟಿ ಹೊಡದಂಗ ನಿಂದರಂಗಿಲ್ಲ. ಏನು ಮಾಡಿಕೊಂಡ ನಿನ್ನ ತಮ್ಮ?"

ಎಲ್ಲವನ್ನೂ ಹೇಳಿದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕೇಳಿದಳು. ಆಮೇಲೆ ಬುಟ್ಟಿಯ ತಳದಿಂದ ಒಂದು ಚಪ್ಪಟೆ ಡಬ್ಬಿ ತೆಗೆದಳು.

"ದಪ್ಪ ಕೈಗಿ ಸಣ್ಣ ಬಳಿ ಏರಸಬೇಕಂದ್ರ ಏನು ಹಚ್ಚತೀನಿ? ಸಾಬೂನು ಹಚ್ಚಿದ್ರ ಸುಲದ ಕೈ ಉರಿತದ. ಕೊಬ್ರಿ ಎಣ್ಣಿ ಹಚ್ಚಿದ್ರ ಸೀರಿಗಿ ಕಲಿ. ಇದು ವ್ಯಾಸಲಿನ್. ಮೂಸಿ ನೋಡು."

ಮೂಸಿದೆ. ಏನೂ ಇಲ್ಲ. ನೋಡಿದೆ. ಬಣ್ಣವೂ ಇಲ್ಲ.

"ಆದ್ರ ನಿನ್ನಂಗ ಸಾರಸಬ್ಯಾಡ ಅಕ್ಕಾ. ಮೊದಲು ಮೊಣಕೈ ಒಳಗ ಸ್ವಲ್ಪ ಹಚ್ಚಿ ಒಂದು ದಿನ ನೋಡು. ಉರಿಲಿಲ್ಲಂದ್ರ ಮಾರಿಗಿ. ಮಾರಿ ಒದ್ದಿ ಇದ್ದಾಗ ಹಚ್ಚು, ತೆಳ್ಳಗ ಹಚ್ಚು. ತೆಳ್ಳಗ ಹಚ್ಚಿದ್ರ ಹೊಳಿಯಂಗಿಲ್ಲ, ನಿನ್ನ ಯಮನಮ್ಮಗ ತಿಳಿಯಂಗಿಲ್ಲ. ಮತ್ತ ಮೊದಲು ಕೈ ತೊಳಕೋ. ಅರೆ, ಬೆಣ್ಣಿ ಹಚ್ಚ್ಯಾಳಂತ! ರೊಟ್ಟಿ ಅಂತ ತಿಳಕೊಂಡಿದ್ದಿಯೇನು ಇವನ್ನ?"

ಅವಳು ಹೇಳಿದ ಹಾಗೆ ಮಾಡಿದೆ. ಆರನೆಯ ದಿನ ಮೊಣಕೈ ಗೆದ್ದಿತು. ಏಳನೆಯ ದಿನ ಮುಖ ಮೆತ್ತಗಾಯಿತು. ಯಮನಮ್ಮ ಬಂದು ಮೂಸಿ ಹೋದಳು, ಏನೂ ತಿಳಿಯಲಿಲ್ಲ. ತಮ್ಮ ಮೊದಲ ಸಲ ಬಾಯಿ ತೆರೆದು ಊಟ ಮಾಡಿದ. ಸೋಮವಾರಕ್ಕೆ ಇನ್ನೂ ಒಂದು ವಾರವಿತ್ತು. ಅಮ್ಮನನ್ನು ಶನಿವಾರ ಕಳಿಸಿ, ಭಾನುವಾರ ಮನೆ ಸಾರಿಸಿ, ಸೋಮವಾರ ಬೀಗರನ್ನು ಬರಮಾಡಿಕೊಳ್ಳುವುದೆಂದು ನಾನು ಲೆಕ್ಕ ಹಾಕಿದೆ.

ಆ ಲೆಕ್ಕವನ್ನು ಕೆಡಿಸಿದವಳು ನಾನೇ.

ನಾನು ಆಗ ರಾತ್ರಿ ಶಾಲೆಯಲ್ಲಿ ಒತ್ತಕ್ಷರದವರೆಗೆ ಬಂದಿದ್ದೆ. ಹೊಸದಾಗಿ ಓದು ಕಲಿತವರಿಗೆ ಗೋಡೆ ಕಂಡರೆ ಬಿಡಲಾಗುವುದಿಲ್ಲ. ಏಳನೆಯ ದಿನ ಮಧ್ಯಾಹ್ನ ಅಕ್ಕಿ ಗಿರಣಿಯ ಗೋಡೆಯ ಮುಂದೆ ಹೊರಟಿದ್ದೆ. ಅಲ್ಲೇ ಹಮಾಲಿ ಮಾಡುವ ನಮ್ಮ ಓಣಿಯ ತಾಯಣ್ಣ ಚೀಲದ ಮೇಲೆ ಕೂತಿದ್ದ. ಏಳು ದಿನದ ಒಗ್ಗರಣೆ ಇಲ್ಲದ ಸಾರಿನಿಂದ ಅವನ ಮುಖ ಇಳಿದಿತ್ತು.

"ಅಕ್ಕಾ, ಶಾಲಿಗಿ ಹೋಗತಿ. ಆ ಗೋಡಿಮ್ಯಾಲ ಏನು ಬರದದ ಹೇಳು ನೋಡಮು."

ನಾನು ಸೆರಗು ಸರಿ ಮಾಡಿಕೊಂಡು ನಿಂತೆ. ದೊಡ್ಡ ದನಿಯಲ್ಲಿ ಒಂದೊಂದೇ ಅಕ್ಷರ ಹಿಡಿದು ಓದಿದೆ. "ಸಿ-ಡು-ಬು ರೋ-ಗಿ-ಯ-ನ್ನು ತೋ-ರಿ-ಸಿ-ಕೊ-ಟ್ಟ-ವ-ರಿ-ಗೆ ಒಂ-ದು ಸಾ-ವಿ-ರ ರೂ-ಪಾ-ಯಿ ಬ-ಹು-ಮಾ-ನ." ಒಂದು ಒತ್ತಕ್ಷರವೂ ತಪ್ಪಲಿಲ್ಲ. ಆ ಸಂತೋಷದಲ್ಲಿ ನಾಲ್ಕು ಹೆಜ್ಜೆ ಮುಂದೆ ಬಂದೆ. ಐದನೆಯ ಹೆಜ್ಜೆಗೆ ಓದಿದ್ದರ ಅರ್ಥವಾಯಿತು. ತಿರುಗಿ ನೋಡಿದರೆ ಚೀಲದ ಮೇಲೆ ತಾಯಣ್ಣ ಇರಲಿಲ್ಲ.

ಆಮೇಲೆ ಕೇಳಿದರೆ ಅವನು ಹೇಳಿದ್ದು ಇಷ್ಟು: "ಅರ್ಧ ಅಮ್ಮನ ಗುಡಿಗಿ ಕೊಡಬೇಕಂತ ಮಾಡಿದ್ದೆ ಅಕ್ಕಾ. ಅಮ್ಮಗೂ ಲುಕ್ಸಾನು ಇದ್ದಿಲ್ಲ."

ಮರುದಿನ ಹತ್ತು ಗಂಟೆಗೆ ಓಣಿಯ ಬಾಯಿಗೆ ಸರಕಾರಿ ಜೀಪು ಬಂದು ನಿಂತಿತು. ಕನ್ನಡಕದ ಒಬ್ಬ ಡಾಕ್ಟರ ಸಾಹೇಬರು, ಸೂಜಿ ಡಬ್ಬಿ ಹಿಡಿದ ಇಬ್ಬರು ನೌಕರರು. "ಯಾರೂ ಒಳಗೆ ಬರಬೇಡಿ, ಯಾರೂ ಹೊರಗೆ ಹೋಗಬೇಡಿ!" ಎಂದರು ಸಾಹೇಬರು. ಅಲ್ಲಿಯವರೆಗೆ ಮನೆಯಲ್ಲಿದ್ದವರು ಹೊರಗೆ ಬಂದರು, ಹೊರಗಿದ್ದವರು ಒಳಗೆ ಬಂದರು. ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ.

"ದೇಶದಲ್ಲಿ ಒಂದೂ ಸಿಡುಬಿಲ್ಲ ಎಂದು ನಾವು ಮೇಲಕ್ಕೆ ಬರೆದು ಕಳಿಸಿದ್ದೇವೆ. ಇಲ್ಲಿ ಹೇಗೆ ಬಂತು?" ಎಂದರು ಸಾಹೇಬರು.

"ಅಮ್ಮ ನಿಮ್ಮನ್ನ ಕೇಳಿ ಬರ್ತಾಳೇನ್ರೀ?" ಎಂದಳು ಯಮನಮ್ಮ.

ತಮ್ಮನನ್ನು ಅಂಗಳದ ನೆರಳಿಗೆ ಕೂರಿಸಿದರು. ಸಾಹೇಬರು ಬಗ್ಗಿ ನೋಡಿದರು. ಅಂಗಿ ಬಿಚ್ಚಿಸಿ ಎದೆ ನೋಡಿದರು, ಬೆನ್ನು ನೋಡಿದರು, ಅಂಗೈ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಜ್ವರ ಯಾವಾಗ ಬಂತು?"

"ಜ್ವರ ಬಂದಿಲ್ರೀ" ಎಂದ ತಮ್ಮ. ನಾನು ಚಿವುಟಿದೆ. "ಬರ್ತದ್ರೀ. ನಾಳಿ ಬರ್ತದ."

"ಮುಖದ ಮೇಲೆ ಮಾತ್ರ ಇದೆ. ಕೂದಲ ಗಡಿಯಲ್ಲಿ ಗೆರೆ ಎಳೆದಂತೆ ನಿಂತಿದೆ. ಕುತ್ತಿಗೆಯಲ್ಲಿ ಹಳೇ ಸಿಡುಬಿನ ಕಲೆಗಳಿವೆ. ಒಮ್ಮೆ ಬಂದವರಿಗೆ ಇದು ಮತ್ತೆ ಬರುವುದು ನಾನು ಕೇಳಿಲ್ಲ. ನಿಮ್ಮ ಅಮ್ಮ ಈ ಸಲ ಸ್ಕೇಲು ಪಟ್ಟಿ ಇಟ್ಟುಕೊಂಡು ಬಂದಳೇನಯ್ಯ?" ಎಂದು ಸಾಹೇಬರು ಗಲ್ಲದ ಮೇಲೆ ಹತ್ತಿ ಒತ್ತಿ ಎಳೆದರು. ಹತ್ತಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಇದೇನು ಜಿಡ್ಡು?"

ಯಮನಮ್ಮ ಹತ್ತಿಯನ್ನು ಕಸಿದುಕೊಂಡು ತಾನೂ ತಿಕ್ಕಿದಳು. ಅವಳ ಮುಖದ ಬಣ್ಣ ಹೋಯಿತು.

"ಜಿಡ್ಡು! ಅಮ್ಮ ಇದ್ದ ಮಾರಿಗಿ ಜಿಡ್ಡು ಹಚ್ಚ್ಯಾನ! ಲೇ ಉರುಕುಂದ, ಓಣಿ ಸುಡಬೇಕಂತ ಮಾಡೀಯೇನು?"

ಜನ ಎರಡು ಹೆಜ್ಜೆ ಹಿಂದೆ ಸರಿದರು. ಒಬ್ಬಳು ಅಳತೊಡಗಿದಳು. ಅಮ್ಮನ ಸಿಟ್ಟು ಯಾರ ಮನೆಯ ಕೂಸಿನ ಮೇಲೆ ಬೀಳುವುದೋ ಎಂಬ ಹೆದರಿಕೆ ಎಲ್ಲರ ಕಣ್ಣಲ್ಲಿ. ಅದನ್ನು ನೋಡಿ ತಮ್ಮನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ. ಕೈ ಮುಗಿದ.

"ಯಾರೂ ಅಂಜಬ್ಯಾಡ್ರಿ. ಅಮ್ಮ ಬಂದಿಲ್ಲ. ನಾ ಹೈದರಾಬಾದಿಗಿ ಹೋಗಿ ಮಾರಿ ಕೆರಿಸಿಕೊಂಡು ಬಂದೀನಿ. ದೇವದುರ್ಗದ ಹುಡುಗಿಗಿ ಕಳಿಸಿದ ಫೋಟೋದಾಗ ನನ್ನ ಮಾರಿಮ್ಯಾಲಿನ ಕುಣಿ ಎಲ್ಲಾ ನಾನ ತುಂಬಿದ್ದೆ. ಬಂದು ನೋಡಿದ್ರ ಒಲ್ಲೆ ಅಂತಾಳಂತ ಹಿಂಗ ಮಾಡಿದೆ. ಮುಲಾಮು ರೈಲಿನಾಗ ಹೋತು. ತಪ್ಪು ನಂದು. ಅಮ್ಮಂದಲ್ಲ, ನಮ್ಮ ಅಕ್ಕಂದಲ್ಲ."

ಆಮೇಲೆ ಓಣಿ ಒಡೆದುಕೊಂಡಿತು.

"ಎಂಟು ದಿನದಿಂದ ಒಗ್ಗರಣಿ ಇಲ್ಲದ ಸಾರು ಉಂಡೀನಲ್ಲಲೇ!" ತಾಯಣ್ಣನ ದನಿ ಎಲ್ಲಕ್ಕೂ ಮೇಲೆ.

"ನಮ್ಮ ಮಗಳು ಬಾಣಂತನಕ್ಕ ಬಂದಾಳ, ತಲಿಗಿ ಎಣ್ಣಿ ಕಂಡಿಲ್ಲ!"

"ಸಾಹೇಬ್ರೇ, ಹಂಗಾದ್ರ ನನ್ನ ಇನಾಮು?" ಎಂದ ತಾಯಣ್ಣ.

"ಬಾ" ಎಂದರು ಸಾಹೇಬರು. ಬಂದವನ ತೋಳು ಹಿಡಿದು ಮೊದಲ ಸೂಜಿ ಚುಚ್ಚಿಸಿದರು.

"ಅಮ್ಮ ಬಂದಿದ್ದು ಖರೇನೇ" ಎಂದಳು ಯಮನಮ್ಮ, ಯಾರೂ ಕೇಳದಿದ್ದರೂ. "ಬರದಿದ್ರ ನಲ್ಲಿಗಿ ನೀರು ಹೆಂಗ ಬಂತು? ಇವನು ಮಾರಿ ಕೆರಿಸಿಕೊಂಡಾನ ಅಂತ ತಿಳಿದ ಮ್ಯಾಲ ನಕ್ಕೊಂತ ಹೋಗಿರಬೇಕು."

ಈ ಗದ್ದಲದಲ್ಲಿ ಜನರ ಹಿಂದೆ ಯಾರೋ ಮೂವರು ನಿಂತಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಒಬ್ಬ ನಮ್ಮ ಮಾವ ಹಂಪಣ್ಣ, ತಲೆಯ ಮೇಲೆ ಮೊಸರಿನ ಗಡಿಗೆ. ಒಬ್ಬಳು ದಪ್ಪನೆಯ ಹೆಂಗಸು, ಕೈಯಲ್ಲಿ ಅಮ್ಮನಿಗೆಂದು ತಂದ ಹಸಿರು ಕುಪ್ಪಸದ ಬಟ್ಟೆ. ಮೂರನೆಯವಳು ಎಣ್ಣೆಗೆಂಪು ಬಣ್ಣದ ಹುಡುಗಿ, ಹೆಗಲಿಗೆ ಚೀಲ. ಅಮ್ಮ ಬಂದ ಸುದ್ದಿ ದೇವದುರ್ಗಕ್ಕೆ ಮುಟ್ಟಿ, ಮೊಸರು ಕೊಟ್ಟು ಹೋಗಲು ಅವರು ಸೋಮವಾರಕ್ಕಿಂತ ಮೊದಲೇ ಬಂದಿದ್ದರು. ಮದುವೆಗೆ ಮುಂಚೆ ಹುಡುಗಿ ಗಂಡಿನ ಮನೆಗೆ ಬರುವುದಿಲ್ಲ. ಆದರೂ ಬಂದಿದ್ದಳು. ಎಲ್ಲವನ್ನೂ ಮೊದಲಿನಿಂದ ಕೇಳಿದ್ದಳು.

"ಫೋಟೋದಾಗಿನವ ಇವನೇನೋ ಹಂಪಣ್ಣ?" ಎಂದಳು ದಪ್ಪನೆಯ ಹೆಂಗಸು. ಅವಳೇ ಹುಡುಗಿಯ ಸೋದರತ್ತೆ ಹಣಮಮ್ಮ. "ನಮ್ಮ ಕಣ್ಣಿಗಿ ಮಣ್ಣು ಹಾಕಿದ್ಯಲ್ಲೋ! ನಡಿ ಗೋಪಮ್ಮ, ಹನ್ನೆರಡರ ಬಸ್ಸು ಅದ."

ಮಾವ ಗಡಿಗೆಯನ್ನು ಇಳಿಸುವುದೋ ಹೊತ್ತುಕೊಂಡೇ ಓಡುವುದೋ ತಿಳಿಯದೆ ನಿಂತ. ತಮ್ಮ ತಲೆ ತಗ್ಗಿಸಿದ. ನಾಲ್ಕನೆಯವರೂ ಹೋದರೆಂದು ನಾನು ಸೆರಗನ್ನು ಕಣ್ಣಿಗೆ ಒಯ್ದೆ. ಈ ಸಲ ಚಹಾ ಕೂಡ ಕುಡಿದಿರಲಿಲ್ಲ.

"ತಡಿ ಅತ್ತೀ" ಎಂದಳು ಹುಡುಗಿ. "ಇವತ್ತು ನಾ ಹಟ ಮಾಡಿ ಯಾಕ ಬಂದೀನಿ ಗೊತ್ತೇನು? ಒಲ್ಲೆ ಅಂತ ನಾನ ಹೇಳಿ ಹೋಗಾಕ."

"ಮತ್ತ ನಡಿ!"

"ಯಾಕಂದ್ರ ಆ ಫೋಟೋ. ನೀವೆಲ್ಲ ಛಂದ ಅದಾನ ಅಂದ್ರಿ. ನನಗ ಸುಲದ ತತ್ತಿಗಿ ಮೀಸಿ ಬರದಂಗ ಕಂಡಿತು. ಎಲ್ಲಿ ನೋಡಿದ್ರೂ ಕಣ್ಣು ಜಾರತಿತ್ತು, ನಿಂದರಾಕ ಜಾಗನ ಇಲ್ಲ. ಇಂಥವನ ಜೊತಿಗಿ ಏನು ಮಾತಾಡೋದು, ಏನು ಜಗಳ ಮಾಡೋದು ಅಂತ ವಿಚಾರ ಮಾಡಿ ಮಾಡಿ ಸಾಕಾಗಿತ್ತು." ಅವಳು ಜನರನ್ನು ಸರಿಸಿಕೊಂಡು ಮುಂದೆ ಬಂದು ತಮ್ಮನ ಎದುರಿಗೆ ನಿಂತಳು. "ಇವನು ಬ್ಯಾರೆ ಅದಾನ. ಇಷ್ಟು ಮಂದಿ ಮುಂದ ತನ್ನ ಮಾನ ತಾನ ಕಳಕೊಂಡು ನಿಂತಾನ. ಏನ್ರೀ, ಕುಣಿ ಎಲ್ಲಾ ಹೋದವೇನು?"

"ಅರ್ಧ ಉಳಿತಾವ ಅಂತ ಡಾಕ್ಟರು ಅಂದಾರ್ರೀ" ಎಂದ ತಮ್ಮ ನೆಲ ನೋಡುತ್ತ.

"ಸಾಕು ಬಿಡ್ರಿ. ಅಷ್ಟಾದ್ರೂ ಇರಬೇಕು." ಅವಳು ಬಗ್ಗಿ ನೋಡಿದಳು. "ಮಾರಿ ಒಣಗಾಕತ್ತದ. ದಿನಕ್ಕ ಎಷ್ಟು ಸಲ ಹಚ್ಚಬೇಕು?"

"ನಾಕು."

"ಇವತ್ತು ಎಷ್ಟಾದವು?"

"ಒಂದು. ಅದನ್ನೂ ಸಾಹೇಬ್ರು ಒರಿಸಿದ್ರು."

ಗದ್ದಲ ಕೇಳಿ ಬಂದು ನನ್ನ ಹತ್ತಿರ ನಿಂತಿದ್ದ ಶಹಜಾದಿ ಬೇಗಂ ಡಬ್ಬಿ ಮುಂದೆ ಹಿಡಿದಳು. ಗೋಪಮ್ಮ ತಂಬಿಗೆಯ ನೀರಿನಲ್ಲಿ ಕೈ ತೊಳೆದಳು. ಬಾಲವಾಡಿಯಲ್ಲಿ ದಿನಾ ಮೂವತ್ತು ಮೂಗು ಒರೆಸುವವಳು, ಅವಳಿಗೆ ಇದು ಕೆಲಸವೇ ಅಲ್ಲ. ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಒದ್ದೆ ಬೆರಳಿನಿಂದ ಈ ಗಲ್ಲಕ್ಕೆ, ಆ ಗಲ್ಲಕ್ಕೆ, ಹಣೆಗೆ ತೆಳ್ಳಗೆ ಹಚ್ಚಿದಳು.



"ಏನು ಮಾಡಿದಿ ಬೇ!" ಹಣಮಮ್ಮ ಎದೆ ಬಡಿದುಕೊಂಡಳು. "ಗಂಡಸಿನ ಮಾರಿಗಿ ಕೈ ಹಚ್ಚಿದೆಲ್ಲ! ದೇವದುರ್ಗದಾಗ ನಾ ಏನಂತ ಹೇಳಲಿ?"

ಆಗ ಯಮನಮ್ಮ ಮುಂದೆ ಬಂದಳು. ಎಂಟು ದಿನದ ಅಧಿಕಾರ ಹೋದ ಸಂಕಟ ಅವಳ ಮುಖದಲ್ಲಿತ್ತು. ಹೊಸ ಅಧಿಕಾರ ಸಿಕ್ಕ ಬೆಳಕೂ ಇತ್ತು.

"ಏನಂತ ಅಂದ್ರ? ಹೆಣ್ಣು ತನ್ನ ಕೈಲಿಂದ ಗಂಡಿನ ಎರಡೂ ಗಲ್ಲಕ್ಕ ಹಚ್ಚಿದಳು. ಐದು ಮಂದಿ ಮುತ್ತೈದೇರು ನೋಡ್ಯಾರ. ಇದಕ್ಕ ಅರಿಷಿಣ ಅಂತಾರ. ಅರಿಷಿಣ ಬಿದ್ದ ಮ್ಯಾಲ ಮದಿವಿ ನಿಂದರಸಬಾರದು."

"ಅಮ್ಮಾ, ಅದು ಅರಿಷಿಣ ಅಲ್ಲ, ವ್ಯಾಸಲಿನ್" ಎಂದರು ಡಾಕ್ಟರ ಸಾಹೇಬರು.

"ನೀವು ಸೂಜಿ ನೋಡಿಕೋರಿ. ಇದು ಬಣ್ಣ ಇಲ್ಲದ ಅರಿಷಿಣ."

ಹಣಮಮ್ಮ ಸುತ್ತ ನೋಡಿದಳು. ಓಣಿಯ ಹೆಂಗಸರೆಲ್ಲ ಹೌದೆಂದು ಗೋಣು ಹಾಕುತ್ತಿದ್ದರು. ಶಹಜಾದಿ ಬೇಗಂ ಎಲ್ಲರಿಗಿಂತ ಜೋರಾಗಿ ಹಾಕುತ್ತಿದ್ದಳು. ಮಾವ ಗಡಿಗೆ ಇಳಿಸಿ, "ಬೀಗರೇ, ಮಸರಂತೂ ಬಂದದ, ಉಂಡ ಹೋಗೋಣು" ಎಂದ. ಯಾರದೋ ಮನೆಯಲ್ಲಿ ಆಗಲೇ ಸಾಸಿವೆ ಸಿಡಿದ ಸದ್ದಾಯಿತು. ತಾಯಣ್ಣ ತೋಳು ಹಿಡಿದುಕೊಂಡೇ ಆ ಕಡೆ ಓಡಿದ.

"ನೀನೇನಂತಿಯೋ?" ಎಂದು ಹಣಮಮ್ಮ ಕಡೆಗೆ ನನ್ನ ತಮ್ಮನನ್ನು ಕೇಳಿದಳು. "ನಿನಗ ಒಪ್ಪಿಗಿ ಅದನೋ ಇಲ್ಲೋ?"

ತಮ್ಮ ಬಾಯಿ ತೆರೆದ. ಮೊದಲು ತುಟಿಯ ಒಂದು ಮೂಲೆ ಎದ್ದಿತು, ಆಮೇಲೆ ಇನ್ನೊಂದು.

"ನಗಬ್ಯಾಡ್ರಿ! ಬಿರಿತದ!" ಎಂದಳು ಗೋಪಮ್ಮ.

ಅವನು ತಡೆದ. ಕೆನ್ನೆ ಒಳಗೆ ಕಚ್ಚಿಕೊಂಡ, ಆಕಾಶ ನೋಡಿದ, ಉಸಿರು ಹಿಡಿದ. ಆಮೇಲೆ ನಕ್ಕುಬಿಟ್ಟ. ಬಲಗಲ್ಲದ ಮೇಲೆ ಕೂದಲೆಳೆಯಷ್ಟು ಬಿರಿಯಿತು. ಗೋಪಮ್ಮ ಮತ್ತೆ ಡಬ್ಬಿ ತೆಗೆದು, ಮತ್ತೆ ಬೆರಳು ಅದ್ದಿದಳು.

"ನಗಬ್ಯಾಡ ಅಂದಿದ್ದೆ."

"ನಗಿ ನಿಲ್ಲವಲ್ದು" ಎಂದ ನನ್ನ ತಮ್ಮ.